ಕೀಲಿಮಾವನ ಕಷಾಯ, ಕೆಳಮನೆಯ ತುತ್ತೂರಿ

ಕೀಲಿಮಾವನ ಹೊಟ್ಟೆಯುರಿ ವಾಸಿಯಾಗದೇ ಇದ್ದಿದ್ದರೆ ಆ ಮೂರು ಮಹಡಿಯ ಕಟ್ಟಡದಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ವಾಸಿಯಾಗಿಬಿಟ್ಟಿತು. ಎಲ್ಲರ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಕಟ್ಟಡದ ಮುಂಬಾಗಿಲು ದಾಟಿದ ಕೂಡಲೇ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೀಲಿಮಾವನ ಅಂಗಡಿ. ಒಂದು ಸ್ಟೂಲು, ಒಂದು ಉಜ್ಜುವ ಯಂತ್ರ, ಗೋಡೆಯ ತುಂಬ ನೇತುಹಾಕಿದ ಕೀಲಿಗಳು. ಕೆಟ್ಟ ಬೀಗ ಬಿಚ್ಚುವುದು, ಕಳೆದ ಕೀಲಿಗೆ ಇನ್ನೊಂದು ಮಾಡಿಕೊಡುವುದು ಅವನ ಕಸುಬು. ಮನೆ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ. ಅಲ್ಲಿದ್ದವರಿಗೆಲ್ಲ ಅವನು ಮಾವ, ಅವನ ಹೆಂಡತಿ ಅತ್ತೆ.

ವರ್ಷಗಟ್ಟಲೆ ಅರ ಉಜ್ಜಿ ಉಜ್ಜಿ ಅವನ ಬಲಭುಜ ಹಿಡಿದುಕೊಂಡಿತ್ತು. ಅದಕ್ಕೆ ನೋವಿನ ಮಾತ್ರೆ ನುಂಗುತ್ತಿದ್ದ, ಅದೂ ಬರೀ ಹೊಟ್ಟೆಗೆ. ಹೊಟ್ಟೆ ಎಷ್ಟೂಂತ ತಡೆದೀತು? ಉರಿಯತೊಡಗಿತು. ಬೀದಿ ತಿರುವಿನ ಡಾಕ್ಟರಮ್ಮನ ಹತ್ತಿರ ಹೋದ.

"ಮೊದಲು ಆ ನೋವಿನ ಮಾತ್ರೆ ನಿಲ್ಲಿಸಿ. ಈ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ. ಊಟ ಬಂತು ಅಂದ ಕೂಡಲೇ ಹೊಟ್ಟೆಯಲ್ಲಿ ಆಸಿಡ್ ಸುರಿಸೋ ನಲ್ಲಿಗಳು ತೆರ್ಕೊಳ್ತವೆ. ಅಷ್ಟರೊಳಗೆ ಮಾತ್ರೆ ಅಲ್ಲಿ ಹೋಗಿ ಕಾದಿರಬೇಕು" ಎಂದರು ಆಕೆ.

ಕೀಲಿಮಾವ ತಲೆಯಾಡಿಸಿ ಬಂದ. ಮನೆಗೆ ಬಂದು ಯೋಚಿಸಿದ. ಅವನು ಯೋಚಿಸಲು ಕೂತಾಗಲೆಲ್ಲ ಅತ್ತೆಗೆ ಎದೆ ಢವಢವ.

"ಅಲ್ವೇ, ಊಟವೇ ಬಂದಿಲ್ಲ, ಉರಿಯೇ ಹತ್ತಿಲ್ಲ. ಆಗಲೇ ಹೋಗಿ ಕೂತು ಆ ಮಾತ್ರೆ ಮಾಡೋದಾದ್ರೂ ಏನು? ಉಂಡು, ಉರಿ ಶುರುವಾದ ಮೇಲೆ ತಗೊಂಡ್ರೆ ಅದಕ್ಕೂ ಕೆಲಸ ಮಾಡೋ ಹುರುಪು ಬರುತ್ತೆ."

ಹಾಗೇ ತೆಗೆದುಕೊಂಡ. ಉರಿ ಜಗ್ಗಲಿಲ್ಲ. "ಪಾಪ, ಡಾಕ್ಟರಮ್ಮ ಇನ್ನೂ ಚಿಕ್ಕವಳು" ಎಂದು ತೀರ್ಪು ಕೊಟ್ಟು ಸುಮ್ಮನಾದ.

ಅಷ್ಟರಲ್ಲಿ ಹಳೆಯ ಟ್ರಂಕಿನ ಬೀಗ ಬಿಚ್ಚಿಸಲು ಬಂದ ಯಾರೋ ಗಿರಾಕಿ, ಅವನು ಹೊಟ್ಟೆ ಹಿಡಿದುಕೊಂಡದ್ದು ನೋಡಿ, ಚೀಲದಿಂದ ಒಂದು ಹಿಡಿ ಬೇರು ತೆಗೆದುಕೊಟ್ಟ. ಜ್ಯೇಷ್ಠಮಧು. ಕಂದು ಬಣ್ಣದ ಕಡ್ಡಿ, ಅಗಿದರೆ ಸಕ್ಕರೆಯನ್ನೂ ನಾಚಿಸುವ ಸಿಹಿ. ಕೀಲಿಮಾವ ಅಗಿದ. ನಾಲ್ಕಾರು ದಿನಗಳಲ್ಲಿ ಉರಿ ಮಾಯ! ಅದೇ ವಾರ ನೋವಿನ ಮಾತ್ರೆ ಮುಗಿದುಹೋಗಿತ್ತು, ಹೊಸದನ್ನು ತರಲು ಅವನಿಗೆ ಮರೆತುಹೋಗಿತ್ತು. ಆದರೆ ಇಂಥ ಚಿಲ್ಲರೆ ವಿಷಯಗಳನ್ನು ದೊಡ್ಡ ಶೋಧ ಮಾಡಿದವರು ಗಮನಿಸುವುದಿಲ್ಲ.

ಕೀಲಿಮಾವನ ಎದೆ ಉಬ್ಬಿತು. ತನಗೊಬ್ಬನಿಗೇ ಸುಖ ಸಾಕೇ? ಬೇರನ್ನು ಕಟ್ಟುಗಟ್ಟಲೆ ತರಿಸಿದ. ಬೆಳಗಾಗುವ ಮುಂಚೆ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಮೆಟ್ಟಿಲ ತಿರುವಿನಲ್ಲಿ ಮೇಜು ಹಾಕಿ, ಲೋಟಗಳನ್ನು ಸಾಲಾಗಿ ಇಟ್ಟ. ಇಳಿದು ಹೋಗುವವರಿಗೆ ಒಂದು ಲೋಟ, ಹತ್ತಿ ಬರುವವರಿಗೆ ಒಂದು ಲೋಟ.

"ಹೊಟ್ಟೆ ಅಂದ್ರೆ ಒಂದು ಬೀಗ. ತುಕ್ಕು ಹಿಡಿದ್ರೆ ಜಗ್ಗಾಡಬಾರದು, ಎಣ್ಣೆ ಬಿಡಬೇಕು. ಇದು ಎಣ್ಣೆ" ಎಂದು ಲೋಟದ ಜೊತೆ ಒಂದು ಉಪನ್ಯಾಸವನ್ನೂ ಬಡಿಸುತ್ತಿದ್ದ. ಕುಡಿದವರು "ಆಹಾ, ಗಂಟಲಿಗೆ ಎಷ್ಟು ಹಿತ ಮಾವ" ಎನ್ನುವರು. ಮಾವ ಆ ದಿನ ಕೀಲಿಗಳನ್ನು ಇನ್ನೂ ಜೋರಾಗಿ ಉಜ್ಜುವನು.

ಎರಡನೇ ಮಹಡಿಯ ಹೆಡ್‌ಮೇಡಂ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರ ಗಂಟಲು ಮಾತ್ರ ಇನ್ನೂ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಮೂರನೇ ಮಹಡಿಯ ಅಮೀನರು ಮೂರು ಲೋಟ. ಅವರು ಕೋರ್ಟಿನಲ್ಲಿ ಅಮೀನರಾಗಿ ಜೀವಮಾನವಿಡೀ ಜನರ ಮನೆಬಾಗಿಲಿಗೆ ನೋಟಿಸು ಅಂಟಿಸಿದವರು. ಈಗ ನಿವಾಸಿಗಳ ಸಂಘದ ಅಧ್ಯಕ್ಷರು. ಕಟ್ಟಡದ ಯಜಮಾನ ಬೇರೆಲ್ಲೋ ಇದ್ದ; ಸಂಘ ಬೇಡವೆಂದ ಬಾಡಿಗೆದಾರನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಅವನ ಕಟ್ಟಳೆ.

ಕಷಾಯ ಬೇಡವೆಂದವನು ಒಬ್ಬನೇ. ಕೀಲಿಮಾವನ ಅಂಗಡಿಯ ಎದುರಿಗೇ ಬಾಗಿಲಿದ್ದ ಕೆಳಮನೆಯ ತುತ್ತೂರಿಯವನು. ಬ್ಯಾಂಡಿನಲ್ಲಿ ತುತ್ತೂರಿ ಊದುವ ಬಡಕಲು ಮನುಷ್ಯ, ಜೊತೆಗೆ ಮಂಡಿ ಹಿಡಿದು ಒಂದು ಮೆಟ್ಟಿಲೂ ಹತ್ತಲಾಗದ ಅವನ ದೊಡ್ಡಮ್ಮ. ತುತ್ತೂರಿಯವನಿಗೆ ಮನೆ ಕೊಡುವವರೇ ಅಪರೂಪ, ಅದರಲ್ಲೂ ನೆಲಮನೆ ಕೊಡುವವರು ಇಲ್ಲವೇ ಇಲ್ಲ. ಊರೆಲ್ಲ ಅಲೆದು ಚಪ್ಪಲಿ ಸವೆಸಿ ಹಿಡಿದ ಮನೆ ಅದು.

"ತಪ್ಪು ತಿಳ್ಕೋಬೇಡಿ ಮಾವ" ಎಂದ ಅವನು ಲೋಟವನ್ನು ಎರಡೂ ಕೈಯಲ್ಲಿ ವಾಪಸು ಕೊಡುತ್ತ. "ಬಾಯಲ್ಲಿ ಸಿಹಿ ಇದ್ರೆ ಊದುವಾಗ ಒಳಗೆ ಹೋಗಿ ಗುಂಡಿಗಳು ಅಂಟ್ಕೊಳ್ತವೆ. ನಾನು ಸಿಹಿ ಮುಟ್ಟೋದೇ ಇಲ್ಲ."

"ದೊಡ್ಡಮ್ಮನಿಗಾದ್ರೂ..."

"ನಂಗೆ ಬೇಡಪ್ಪ" ಎಂದಳು ದೊಡ್ಡಮ್ಮ ಒಳಗಿನಿಂದಲೇ. "ಗಂಟಲಿಗಿಳಿದ ಮೇಲೂ ಸಿಹಿ ಬಿಡದ ವಸ್ತು ಏನೋ ಮುಚ್ಚಿಡ್ತಿದೆ ಅಂತ ಲೆಕ್ಕ."

ಕೀಲಿಮಾವನ ಮುಖ ಸಪ್ಪಗಾಯಿತು. ಆ ಲೋಟವನ್ನು ತಾನೇ ಕುಡಿದ. ಅವತ್ತಿನಿಂದ ತುತ್ತೂರಿಯ ದನಿ ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಕೇಳಿಸತೊಡಗಿತು.

ತಿಂಗಳು ಕಳೆಯುವಷ್ಟರಲ್ಲಿ ಕಟ್ಟಡದಲ್ಲಿ ವಿಚಿತ್ರಗಳು ಶುರುವಾದವು. ಹೆಡ್‌ಮೇಡಂಗೆ ಮೊದಲೇ ಬಿಪಿ. ಮಾತ್ರೆಯಿಂದ ಹಿಡಿತದಲ್ಲಿದ್ದದ್ದು ಒಮ್ಮೆಲೇ ಏರಿತು. ಡಾಕ್ಟರಮ್ಮ ಇನ್ನೊಂದು ಮಾತ್ರೆ ಸೇರಿಸಿದರು, ಮೈಯ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ. ಆದರೂ ಏರಿತು. ಅಮೀನರಿಗೆ ಏರಿತು. ಜನ್ಮದಲ್ಲಿ ಒಂದು ತಲೆನೋವು ಕಾಣದ ಅತ್ತೆಗೂ ಏರಿತು. ಅವಳ ಕಾಲು ಊದಿ ಚಪ್ಪಲಿಗೆ ಸೇರದಾಯಿತು.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಎಂದು ಡಾಕ್ಟರಮ್ಮ ಒಬ್ಬೊಬ್ಬರನ್ನೂ ಕೇಳಿದರು.

"ಇಲ್ಲಪ್ಪ" ಎಂದರು ಎಲ್ಲರೂ. ಸುಳ್ಳಲ್ಲ. ಕಷಾಯವನ್ನು ಔಷಧಿ ಎಂದು ಯಾರು ಅಂದುಕೊಂಡಾರು? ಅದು ಮಾವನ ಪ್ರೀತಿ. ಪ್ರೀತಿಯನ್ನು ಡಾಕ್ಟರ ಮುಂದೆ ಹೇಳಿಕೊಳ್ಳುವ ರೂಢಿ ಎಲ್ಲಿದೆ?

ಕಾರಣ ಕಂಡುಹಿಡಿದವನು ಕೀಲಿಮಾವನೇ. ಬೆಳಿಗ್ಗೆ ಕಷಾಯದ ಮೇಜಿನ ಹಿಂದೆ ನಿಂತು, ಸೌಟು ಎತ್ತಿ ಹಿಡಿದು, ದನಿ ತಗ್ಗಿಸಿ ಹೇಳಿದ:

"ತುತ್ತೂರಿ."

"ಏನು ತುತ್ತೂರಿ?" ಎಂದರು ಅಮೀನರು.

"ದಿನಾ ಎರಡು ಹೊತ್ತು ಪೋಂ ಪೋಂ ಅಂತ ಊದ್ತಾನಲ್ಲ, ಆ ಗಾಳಿ ಎಲ್ಲಿ ಹೋಗುತ್ತೆ? ಮೆಟ್ಟಿಲ ಗುಂಟ ಮೇಲೆ. ನಮ್ಮ ಕಿವಿ ಒಳಗೆ. ಕಿವಿಯಿಂದ ರಕ್ತಕ್ಕೆ. ಒಳಗೆ ಗಾಳಿ ತುಂಬಿದ ಮೇಲೆ ಒತ್ತಡ ಏರದೆ ಇನ್ನೇನಾಗುತ್ತೆ?"

ಎಲ್ಲರೂ ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತರು. ಇಷ್ಟು ಸರಳವಾದದ್ದು ನಮಗೆ ಹೊಳೆಯಲಿಲ್ಲವಲ್ಲ! ಹೆಡ್‌ಮೇಡಂ ಎದೆ ಮುಟ್ಟಿಕೊಂಡು, "ನಂಗೆ ಮೊದಲೇ ಅನುಮಾನ ಇತ್ತು. ಅವನು ಊದ್ದಾಗೆಲ್ಲ ಇಲ್ಲೊಂದು ನರ ಕುಣಿಯುತ್ತೆ" ಎಂದರು. ಆ ಗಾಬರಿಯಲ್ಲಿ ಎಲ್ಲರೂ ಇನ್ನೊಂದು ಲೋಟ ಕುಡಿದರು.

ಅಮೀನರು ನಗರಸಭೆಗೆ ದೂರು ಕೊಟ್ಟರು. ಶಬ್ದ ಅಳೆಯುವ ಇನ್ಸ್‌ಪೆಕ್ಟರು ಕೈಯಲ್ಲೊಂದು ಯಂತ್ರ ಹಿಡಿದು ಬಂದರು. ತುತ್ತೂರಿಯವನು ಊದಿದ. ಇನ್ಸ್‌ಪೆಕ್ಟರು ಯಂತ್ರ ನೋಡಿ, "ಮಿತಿಯೊಳಗೇ ಇದೆಯಲ್ಲ" ಎಂದರು.

"ಏನಂದ್ರೀ!" ಎಂದು ಹೆಡ್‌ಮೇಡಂ ಎರಡನೇ ಮಹಡಿಯಿಂದ ಕೂಗಿದರು.

ಯಂತ್ರ ಕೀಂಯ್ ಎಂದು ಕಿರುಚಿ ಕೆಂಪು ದೀಪ ಹತ್ತಿಸಿತು. ಇನ್ಸ್‌ಪೆಕ್ಟರು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದು ಮೇಲೆ ನೋಡಿದರು.

"ಅದು ಬರ್ಕೋಬೇಡಿ ಸಾರ್" ಎಂದ ಕೀಲಿಮಾವ ಗಾಬರಿಯಿಂದ. "ಅದು ಶಬ್ದ ಅಲ್ಲ, ನಮ್ಮ ಹೆಡ್‌ಮೇಡಂ. ತಗೊಳ್ಳಿ, ಕಷಾಯ ಕುಡೀರಿ."

ಇನ್ಸ್‌ಪೆಕ್ಟರು ಎರಡು ಲೋಟ ಕುಡಿದು, ಯಾರ ಮೇಲೂ ಏನೂ ಬರೆಯದೆ, ಬೇರು ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು.

ಇದು ಇಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಒಂದು ಸಂಜೆ ಹೆಡ್‌ಮೇಡಂ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಮನೆಯಲ್ಲಿ ತುತ್ತೂರಿ ಒಂದು ಎತ್ತರದ ಸ್ವರ ಹಿಡಿಯಿತು. ಅದೇ ಕ್ಷಣ ಹೆಡ್‌ಮೇಡಂ ಕಾಲು ಮರಗಟ್ಟಿ, ತೊಡೆ ಸೆಟೆದು, ನಿಂತಲ್ಲೇ ಕುಸಿದು ಕೂತರು. ಟೊಮೇಟೊಗಳು ಒಂದೊಂದೇ ಮೆಟ್ಟಿಲು ಇಳಿದುಕೊಂಡು ಹೋಗಿ ತುತ್ತೂರಿಯವನ ಬಾಗಿಲ ಮುಂದೆ ನಿಂತವು.

"ಕಾಲು ನಂದಲ್ಲ! ಕಾಲು ನನ್ನ ಮಾತು ಕೇಳ್ತಿಲ್ಲ!" ಎಂದು ಮೇಡಂ ಕೂಗಿದರು. ಒಂದು ಕಾಲು ಅವರ ಮಾತು ಕೇಳದೆ ಇದ್ದದ್ದು ಅದೇ ಮೊದಲು.

ಕಟ್ಟಡಕ್ಕೆ ಗರ ಬಡಿದಂತಾಯಿತು. ಅತ್ತೆ ನೀರು ತಂದಳು, ಕೀಲಿಮಾವ ಕಷಾಯ ತಂದ. ಅಮೀನರು ಮೂಗಿಗೆ ಕನ್ನಡಕ ಏರಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಠರಾವು ಹೇಳತೊಡಗಿದರು: "ಸದರಿ ತುತ್ತೂರಿಯು ಮನುಷ್ಯರ ಕಾಲಿಗೂ ಇಳಿದಿರುವುದು ಕಣ್ಣಾರೆ ಕಂಡುಬಂದಿರುವುದರಿಂದ, ಭಾನುವಾರ ಸಂಘದ ಸಭೆ ಸೇರಿ, ಸದರಿ ಬಾಡಿಗೆದಾರನನ್ನು ಖಾಲಿ ಮಾಡಿಸತಕ್ಕದ್ದು."

ಬಾಗಿಲ ಸಂದಿಯಲ್ಲಿ ತುತ್ತೂರಿಯವನು ಎರಡೂ ಕೈಯಲ್ಲಿ ಟೊಮೇಟೊ ಹಿಡಿದು ಬೆಪ್ಪಾಗಿ ನಿಂತಿದ್ದ. "ನಾನು ಬರೀ ಊದಿದೆ ಅಷ್ಟೆ..." ಎಂದ. ಹಿಂದಿನಿಂದ ದೊಡ್ಡಮ್ಮ, "ಯಾವ ಕಡೆ ಹೋಗೋಣವೋ ಮಗಾ? ನೆಲಮನೆ ಇರೋ ಕಡೆ ನೋಡು" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಕೀಲಿಮಾವನಿಗೆ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ.

ಭಾನುವಾರ ಸಭೆ ಸೇರಿತು, ಮೆಟ್ಟಿಲ ಬುಡದ ಹಜಾರದಲ್ಲಿ. ಅಮೀನರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಬಿಪಿ ಯಂತ್ರ ಹಿಡಿದು ಒಳಗೆ ಬಂದರು. ಕುಸಿದ ಮರುದಿನ ಮಾಡಿಸಿದ್ದ ಹೆಡ್‌ಮೇಡಂ ರಕ್ತಪರೀಕ್ಷೆಯ ಫಲಿತಾಂಶ ಬಂದಿತ್ತು.

"ಮೇಡಂ, ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ನೆಲ ಕಚ್ಚಿದೆ. ಅದಕ್ಕೇ ಕಾಲು ಸೆಟೆದದ್ದು. ಇನ್ನೂ ಇಳಿದಿದ್ರೆ ಹೃದಯದ ಬಡಿತವೇ ತಾಳ ತಪ್ತಿತ್ತು. ಒಂದು ನೀರಿನ ಮಾತ್ರೆಗೆ ಇಷ್ಟು ಇಳಿಯಬಾರದು. ಇದೇನು, ಕಟ್ಟಡಕ್ಕೆ ಕಟ್ಟಡವೇ ಬಿಪಿ ಏರಿಸ್ಕೊಂಡು ಕೂತಿದ್ದೀರಲ್ಲ?"

"ತುತ್ತೂರಿ!" ಎಂದರು ಎಲ್ಲರೂ ಒಂದೇ ಉಸಿರಿಗೆ.

ಡಾಕ್ಟರಮ್ಮ ತುತ್ತೂರಿಯವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೋಡಿದರು. ದೊಡ್ಡಮ್ಮನಿಗೂ ಸುತ್ತಿದರು.

"ಈ ಇಡೀ ಕಟ್ಟಡದಲ್ಲಿ ಚೆನ್ನಾಗಿರೋ ಬಿಪಿ ಇವೆರಡೇ. ಶಬ್ದದಿಂದ ಏರೋದಾದ್ರೆ ತುತ್ತೂರಿ ಬಾಯಿಗಿಟ್ಕೊಂಡಿರೋನಿಗೆ ಮೊದಲು ಏರ್ಬೇಕಲ್ವಾ?"

ಸಭೆ ತಬ್ಬಿಬ್ಬಾಯಿತು. ಕೀಲಿಮಾವ ಬಿಟ್ಟುಕೊಡುವವನಲ್ಲ.

"ಬಂದೂಕು ಹಾರಿಸಿದ್ರೆ ಗುಂಡು ಎದುರಿಗಿದ್ದೋನಿಗೆ ತಾಗುತ್ತೋ, ಹಾರಿಸಿದೋನಿಗೆ ತಾಗುತ್ತೋ ಡಾಕ್ಟರಮ್ಮ? ಇವನು ತುತ್ತೂರಿ ಹಿಂದೆ. ದೊಡ್ಡಮ್ಮ ಅವನ ಹಿಂದೆ. ನಾವೆಲ್ಲ ಮುಂದೆ!"

"ಭೇಷ್!" ಎಂದರು ಅಮೀನರು.

ಡಾಕ್ಟರಮ್ಮ ಹಣೆ ಒತ್ತಿಕೊಂಡು ಕುರ್ಚಿ ಎಳೆದು ಕೂತರು. "ಎಲ್ಲರೂ ಮನೇಲಿ ಏನೇನು ನುಂಗ್ತೀರೋ ಅದನ್ನೆಲ್ಲ ತಂದು ಈ ಮೇಜಿನ ಮೇಲೆ ಸುರೀರಿ. ಮಾತ್ರೆ, ಪುಡಿ, ಸಿರಪ್ಪು, ಎಲ್ಲ."

ಮೇಜಿನ ಮೇಲೆ ಗುಡ್ಡ ಬಿತ್ತು. ಡಾಕ್ಟರಮ್ಮ ಒಂದೊಂದೇ ಎತ್ತಿ ನೋಡಿದಂತೆ ಅವರ ಹುಬ್ಬು ಹಣೆಯ ಅಂಚಿಗೆ ಏರುತ್ತ ಹೋಯಿತು.

"ಮೇಡಂ, ಈ ಥೈರಾಯ್ಡ್ ಮಾತ್ರೆ ಹೇಗೆ ತಗೊಳ್ತೀರಿ?"

"ಹೊಟ್ಟೆ ಉರೀದೇ ಇರ್ಲಿ ಅಂತ ಈ ಬಿಳಿ ಸಿರಪ್ಪಿನ ಜೊತೆ. ಎರಡೂ ಬೆಳಿಗ್ಗೆಯದೇ ಅಲ್ವಾ?"

"ಅಯ್ಯೋ! ಆ ಸಿರಪ್ಪು ನಿಮ್ಮ ಮಾತ್ರೇನ ಕೈ ಹಿಡಿದು ಹಾಗೇ ಹೊರಗೆ ಕರ್ಕೊಂಡು ಹೋಗುತ್ತೆ. ರಕ್ತಕ್ಕೆ ಸೇರೋದೇ ಇಲ್ಲ. ನಡುವೆ ನಾಲ್ಕು ಗಂಟೆ ಅಂತರ ಇರ್ಬೇಕು. ಅಮೀನರೇ, ಈ ಇಸಬ್ಗೋಲ್ ಹೊಟ್ಟಿನ ಪುಡಿ?"

"ಮಲಬದ್ಧತೆಗೆ. ಎಲ್ಲ ಮಾತ್ರೆಗಳನ್ನೂ ಅದರಲ್ಲೇ ಕಲಸಿ ಒಂದೇ ಗುಟುಕಿಗೆ ಕುಡಿದುಬಿಡ್ತೀನಿ. ಸಮಯ ಉಳಿಯುತ್ತೆ."

"ಮಾತ್ರೆಗಳೆಲ್ಲ ಆ ಲೋಳೆಯಲ್ಲಿ ಹೂತು, ಬಂದ ದಾರೀಲೇ ಮುಂದೆ ಹೋಗಿಬಿಡ್ತವೆ! ನಾನು ಕೊಟ್ಟ ಬಿಪಿ ಮಾತ್ರೆ ನಿಮ್ಮ ಮೈಗೆ ಎಷ್ಟು ಮುಟ್ಟಿದೆಯೋ ಆ ದೇವರೇ ಬಲ್ಲ."

ಅಮೀನರು ಜೀವಮಾನದಲ್ಲಿ ಮೊದಲ ಸಲ, ತಾವು ಅಂಟಿಸಿದ ನೋಟಿಸು ವಿಳಾಸಕ್ಕೆ ಮುಟ್ಟಲಿಲ್ಲ ಎಂದು ಕೇಳಿದವರಂತೆ ಕಕ್ಕಾಬಿಕ್ಕಿಯಾದರು.

ಡಾಕ್ಟರಮ್ಮನಿಗೆ ಬಾಯಿ ಒಣಗಿತು. ಅದನ್ನು ಕಂಡ ಕೀಲಿಮಾವ ಆದರದಿಂದ ಒಂದು ಲೋಟ ಮುಂದೆ ಹಿಡಿದ. ಆಕೆ ಒಂದು ಗುಟುಕು ಕುಡಿದರು. ಎರಡನೆಯ ಗುಟುಕು ಬಾಯಲ್ಲೇ ನಿಂತಿತು. ಕಣ್ಣು ಕೀಲಿಮಾವನ ಮೇಲೆ ನೆಟ್ಟಿತು.

"ಇದು... ಜ್ಯೇಷ್ಠಮಧು?"

"ಅಪ್ಪಟ" ಎಂದ ಕೀಲಿಮಾವ ಹೆಮ್ಮೆಯಿಂದ.

"ಯಾರ್‍ಯಾರು ಕುಡೀತೀರಿ?"

ಎಲ್ಲರ ಕೈಯೂ ಎದ್ದಿತು. ತುತ್ತೂರಿಯವನದೂ ದೊಡ್ಡಮ್ಮನದೂ ಏಳಲಿಲ್ಲ.

"ದಿನಾ?"

ಕೈಗಳು ಇಳಿಯಲಿಲ್ಲ.

ಡಾಕ್ಟರಮ್ಮ ಲೋಟವನ್ನು ಹಾವಿನ ಮರಿಯನ್ನು ಇಳಿಸುವಂತೆ ಮೇಜಿನ ಮೇಲೆ ಇಳಿಸಿದರು. "ನಾನು ಮಾತ್ರೆ ಮೇಲೆ ಮಾತ್ರೆ ಹಾಕಿ ಬಿಪಿ ಇಳಿಸೋದು, ನೀವು ಲೋಟದ ಮೇಲೆ ಲೋಟ ಹಾಕಿ ಏರಿಸೋದು! ಮಾವ, ನಿಮ್ಮ ಭಾಷೇಲೇ ಹೇಳ್ತೀನಿ ಕೇಳಿ. ಮೂತ್ರಪಿಂಡದಲ್ಲಿ ಒಂದು ಬಾಗಿಲಿದೆ ಅಂದ್ಕೊಳ್ಳಿ. ಅದು ತೆರೆದ್ರೆ ಉಪ್ಪು, ನೀರು ಮೈಯಲ್ಲೇ ಉಳಿಯುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ. ಅದಕ್ಕೊಂದು ಅಸಲಿ ಕೀಲಿ ಇದೆ, ಬೇಕಾದಷ್ಟೇ ತೆಗೆಯುತ್ತೆ. ಆದ್ರೆ ಅದೇ ಬೀಗಕ್ಕೆ ಕೂರೋ ಇನ್ನೊಂದು ಕೀಲಿ ರಕ್ತದಲ್ಲಿ ರಾಶಿರಾಶಿ ಓಡಾಡ್ತಿರುತ್ತೆ."

"ನಕಲಿ!" ಎಂದ ಕೀಲಿಮಾವ. ಅವನ ದನಿ ಕೀರಲಾಗಿತ್ತು.

"ನಕಲಿಯೇ ಅನ್ನಿ. ಅದು ಬಾಗಿಲಿಗೆ ಬಂದ ಕೂಡಲೇ ಮುರಿದುಹಾಕೋಕೆ ಅಲ್ಲೊಬ್ಬ ಕಾವಲುಗಾರ ಇದ್ದಾನೆ. ನಿಮ್ಮ ಬೇರು ಹೊಟ್ಟೆಗೆ ಹಿತವಾಗಿರಬಹುದು. ಆದ್ರೆ ದಿನಾ ಕುಡಿದ್ರೆ ಅದು ಆ ಕಾವಲುಗಾರನ್ನ ಮಲಗಿಸಿಬಿಡುತ್ತೆ. ನಕಲಿ ಕೀಲಿಗಳೆಲ್ಲ ನುಗ್ಗಿ ಬಾಗಿಲನ್ನ ಹಾರುಹೊಡೆದು ತೆರೆದುಬಿಡ್ತವೆ. ಉಪ್ಪು ಉಳೀತು, ಕಾಲು ಊದ್ತು, ಬಿಪಿ ಏರ್ತು. ಪೊಟ್ಯಾಸಿಯಂ ಹೋಯ್ತು. ಮೇಡಂಗೆ ನೀರಿನ ಮಾತ್ರೆ ಇನ್ನಷ್ಟನ್ನ ಹೊರಗೆ ಹಾಕ್ತು. ಬಿದ್ರು."

ಕೀಲಿಮಾವ ಸ್ಟೂಲಿನ ಮೇಲೆ ಕುಸಿದ. ಕದ್ದುಮುಚ್ಚಿ ತೆಗೆದ ಮೇಣದ ಅಚ್ಚು ತಂದು ಕೀಲಿ ಮಾಡಿಕೊಡು ಎಂದ ಒಬ್ಬನಿಗೂ ಆತ ಇವತ್ತಿನವರೆಗೆ ಮಾಡಿಕೊಟ್ಟವನಲ್ಲ. ಅಂಥವನು ಇಡೀ ಕಟ್ಟಡದ ಮೂತ್ರಪಿಂಡಗಳಿಗೆ ಕಳ್ಳರನ್ನು ನುಗ್ಗಿಸಿದನೇ? ಅತ್ತೆ ಊದಿದ ಕಾಲನ್ನು ನೋಡಿಕೊಂಡು, ಆಮೇಲೆ ಗಂಡನನ್ನು ನೋಡಿದಳು.

ಆದರೆ ಮರ್ಯಾದೆ ಎಂಬುದೊಂದು ಇದೆಯಲ್ಲ. "ಬೇರು ಡಾಕ್ಟರಮ್ಮ, ಮಣ್ಣಿನಿಂದ ಬಂದದ್ದು. ಕಂಪನಿ ಮಾಲಲ್ಲ" ಎಂದ ಕ್ಷೀಣವಾಗಿ. ಅಮೀನರು ಆ ಎಳೆ ಹಿಡಿದರು. "ಕಷಾಯದ ಪಾಲೆಷ್ಟು, ತುತ್ತೂರಿಯ ಪಾಲೆಷ್ಟು ಅಂತ ಇತ್ಯರ್ಥ ಆಗದೆ ಠರಾವು ರದ್ದು ಮಾಡೋಕಾಗಲ್ಲ."

"ಸರಿ" ಎಂದರು ಡಾಕ್ಟರಮ್ಮ. "ಕಷಾಯ ಇವತ್ತಿನಿಂದ ಬಂದ್. ಮಾತ್ರೆಗಳನ್ನ ನಾನು ಹೇಳಿದ ಹೊತ್ತಿಗೆ ತಗೊಳ್ಳಿ. ತುತ್ತೂರಿ ಮಾತ್ರ ದಿನಾ ಹಾಗೇ ಊದ್ತಿರ್ಲಿ. ತಿಂಗಳು ಕಳೆದ ಮೇಲೆ ಬಂದು ಎಲ್ಲರ ಬಿಪಿ ನೋಡ್ತೀನಿ. ಎಲ್ಲರದ್ದೂ ಇಳಿದಿದ್ರೆ ಇವರು ಇರ್ತಾರೆ."

"ಒಬ್ಬರದ್ದಾದ್ರೂ ಏರಿದ್ರೆ ಖಾಲಿ ಮಾಡ್ತಾರೆ" ಎಂದರು ಅಮೀನರು.

ತುತ್ತೂರಿಯವನು ದೊಡ್ಡಮ್ಮನ ಕಡೆ ನೋಡಿದ. "ಆಗ್ಲಿ" ಎಂದ.

ಆ ತಿಂಗಳು ಹೇಗೆ ಕಳೆಯಿತೋ! ತುತ್ತೂರಿಯವನು ದಿನಾ ಊದಿದ, ಮನೆ ಉಳಿಸಿಕೊಳ್ಳಲು ಊದಿದ. ಊದುವ ಮುಂಚೆ ಬಾಗಿಲಿಗೆ ಬಂದು, "ಊದ್ಲಾ ಮೇಡಂ?" ಎಂದು ಮೇಲೆ ನೋಡಿ ಕೇಳುವನು. ಹೆಡ್‌ಮೇಡಂ ಕಣ್ಣು ಮುಚ್ಚಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಊದಪ್ಪ" ಎನ್ನುವರು. ಕಾಲಿಗೆ ಏನೂ ಆಗದಾಗ ಅವರಿಗೇ ಆಶ್ಚರ್ಯ.

ಇತ್ತ ಕೀಲಿಮಾವನ ಭುಜ ಮತ್ತೆ ಹಿಡಿದುಕೊಂಡಿತು. ನೋವಿನ ಮಾತ್ರೆ ತಂದ. ಹೊಟ್ಟೆ ಮತ್ತೆ ಉರಿಯಿತು. ಮೇಜಿನ ಕೆಳಗೆ ಒಂದು ಕಟ್ಟು ಬೇರು ಉಳಿದಿತ್ತು. ಅವನು ಯೋಚಿಸಿದ. "ಕಷಾಯ ಬಂದ್ ಅಂದ್ರು. ಕಡ್ಡಿ ಅಗೀಬೇಡ ಅನ್ನಲಿಲ್ಲವಲ್ಲ?" ಅಂಗಡಿಯ ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ, ಒಂದು ತುಂಡು ದವಡೆಗೆ ಸೇರಿಸಿದ. ಒಂದು ಎರಡಾಯಿತು. ಎರಡು ದಿನವಿಡೀ ಆಯಿತು. ಯಾರಾದರೂ ಮಾತಾಡಿಸಿದರೆ "ಹ್ಞೂಂ" ಎನ್ನುವನು. ಮಾವ ಪಶ್ಚಾತ್ತಾಪದಿಂದ ಮೌನವ್ರತ ಹಿಡಿದಿದ್ದಾನೆಂದು ಕಟ್ಟಡದವರು ಮರುಗಿದರು.

ತಿಂಗಳು ಕಳೆದು ಡಾಕ್ಟರಮ್ಮ ಬಂದರು. ಅದೇ ಹಜಾರ, ಅದೇ ಮೇಜು. ಹೆಡ್‌ಮೇಡಂ ಕೂತರು. ಇಳಿದಿತ್ತು. "ಆ!" ಎಂದರು ಮೇಡಂ. ಅಮೀನರದು ಇಳಿದಿತ್ತು, ಅವರು ಯಂತ್ರವನ್ನೇ ಅನುಮಾನಿಸಿ ಇನ್ನೊಂದು ತೋಳಿಗೂ ಹಾಕಿಸಿಕೊಂಡರು. ಅತ್ತೆಯದು ಇಳಿದಿತ್ತು, ಕಾಲು ಚಪ್ಪಲಿಗೆ ಸೇರಿತ್ತು. ತುತ್ತೂರಿಯವನ ಮುಖದಲ್ಲಿ ಬಣ್ಣ ಬಂತು. ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮಾವ ಒಬ್ಬರು ಉಳಿದ್ರು. ಬನ್ನಿ."

"ನಂದೇನು ಬಿಡಿ" ಎಂದ ಕೀಲಿಮಾವ ಬಾಯಿ ಅರ್ಧವೇ ತೆರೆದು.

"ಕೂತ್ಕೊಳ್ರೀ" ಎಂದು ಅತ್ತೆ ಭುಜ ಒತ್ತಿ ಕೂರಿಸಿದಳು.

ಪಟ್ಟಿ ಬಿಗಿಯಿತು. ಗಾಳಿ ಇಳಿಯಿತು. ಡಾಕ್ಟರಮ್ಮ ನೋಡಿದರು. ಕಣ್ಣು ಉಜ್ಜಿ ಮತ್ತೆ ನೋಡಿದರು. "ಇದೇನು ಮಾವ! ಈ ಕಟ್ಟಡದಲ್ಲಿ ಇಷ್ಟು ಬಿಪಿ ಯಾರಿಗೂ ಬಂದಿರಲಿಲ್ಲವಲ್ಲ!"

ಅಮೀನರು ಎದ್ದು ನಿಂತರು.

"ನೋಡಿದ್ರಾ? ಕಷಾಯ ಬಿಟ್ರೂ ಏರಿದೆ. ಮತ್ತೆ ಯಾರಿಗೆ ಏರಿದೆ? ತುತ್ತೂರಿ ಬಾಗಿಲ ಎದುರಿಗೇ ಕೂರೋ ಮನುಷ್ಯನಿಗೆ! ಅಷ್ಟು ಹತ್ತಿರ ಯಾರಿದ್ದಾರೆ? ಇನ್ನೇನು ಸಾಕ್ಷಿ ಬೇಕು? ಒಬ್ಬರದ್ದು ಏರಿದ್ರೂ ಖಾಲಿ ಅಂತ ಮಾತಾಗಿದೆ."

ಡಾಕ್ಟರಮ್ಮ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೆಡ್‌ಮೇಡಂ ನಿಟ್ಟುಸಿರು ಬಿಟ್ಟು, "ಪಾಪ ಮಾವ, ನಮ್ಮೆಲ್ಲರದ್ದನ್ನೂ ಒಬ್ಬರೇ ತಗೊಂಡ್ರು" ಎಂದರು.

ತುತ್ತೂರಿಯವನು ಒಳಗೆ ಹೋಗಿ ಗೋಡೆಯ ಮೊಳೆಯಿಂದ ತುತ್ತೂರಿಯ ಚೀಲ ತೆಗೆದುಕೊಂಡು ಬಂದ. ದೊಡ್ಡಮ್ಮ, "ಹಾಸಿಗೆ ಸುತ್ತಲೇನೋ?" ಎಂದು ಕೇಳಿದಳು. ಬಗ್ಗಲು ನೋಡಿದಳು, ಮಂಡಿ ಬಗ್ಗಲಿಲ್ಲ.

ಕೀಲಿಮಾವನ ಬಲದವಡೆಯ ಉಬ್ಬು ಎಡದವಡೆಗೆ ಹೋಯಿತು. ಎಡದಿಂದ ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೊರಟು ನಡುವೆ ನಿಂತಿತು. ಅವನು ಎದ್ದ. ಬಾಯೊಳಗೆ ಎರಡು ಬೆರಳು ಹಾಕಿ, ಅಗಿದು ಅಗಿದು ಪೊರಕೆಯ ತುದಿಯಂತಾಗಿದ್ದ ಕಂದು ಬೇರೊಂದನ್ನು ಹೊರಗೆಳೆದು ಬಿಪಿ ಯಂತ್ರದ ಪಕ್ಕದಲ್ಲಿ ಇಟ್ಟ. ಅಂಗಿಯ ಜೇಬಿನಿಂದ ಇನ್ನೆರಡು ತೆಗೆದ. ಕಿವಿಯ ಹಿಂದಿನಿಂದ ಒಂದು. ಕಾಲುಚೀಲದಿಂದ ಒಂದು. ಕೊನೆಗೆ ಸ್ಟೂಲಿನಡಿಯಿಂದ ನೋವಿನ ಮಾತ್ರೆಯ ಹಾಳೆ.

"ರೀ!" ಎಂದು ಅತ್ತೆ ಚೀರಿದಳು. ನಗರಸಭೆಯ ಯಂತ್ರ ಅಲ್ಲಿದ್ದಿದ್ದರೆ ಸಿಡಿದುಹೋಗುತ್ತಿತ್ತು.

"ತುತ್ತೂರಿಯದೇನೂ ಇಲ್ಲ" ಎಂದ ಕೀಲಿಮಾವ ನೆಲ ನೋಡುತ್ತ. "ಹೊಟ್ಟೆ ಉರೀತು, ಅಗಿದೆ. ದಿನವಿಡೀ ಅಗಿದೆ. ಎಲ್ಲ ನಂದೇ. ಖಾಲಿ ಮಾಡಬೇಕಾದ್ರೆ ನನ್ನ ಬಾಯಿ ಖಾಲಿ ಮಾಡಿಸಿ, ಅವರ ಮನೆ ಬೇಡ."

ಡಾಕ್ಟರಮ್ಮ ಬೇರನ್ನೂ ಮಾತ್ರೆಯನ್ನೂ ಮಾವನನ್ನೂ ನೋಡಿದರು. "ನೋವಿನ ಮಾತ್ರೆ ಹೊಟ್ಟೇನೂ ಸುಡುತ್ತೆ, ಬಿಪೀನೂ ಏರಿಸುತ್ತೆ. ಅದರ ಮೇಲೆ ಈ ಬೇರು! ನೀವು ಬದುಕಿರೋದೇ ನಂಗೆ ಆಶ್ಚರ್ಯ!" ಎಂದು ತಲೆಯ ಮೇಲೆ ಕೈ ಹೊತ್ತರು. ಅಮೀನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಆದರೂ ಬೇರು ಅಲ್ಲೇ ಇತ್ತು.

ದೊಡ್ಡಮ್ಮ ನಿಧಾನವಾಗಿ ಕೇಳಿದಳು. "ಹಂಗಾದ್ರೆ ನಾವು ಇರಬಹುದಾ?"

"ಇರಿ ಇರಿ!" ಎಂದರು ಹೆಡ್‌ಮೇಡಂ. "ಕೈ ಎತ್ತಿ ಎಲ್ಲರೂ!" ಎಲ್ಲರ ಕೈಯೂ ಎದ್ದಿತು. ಅಮೀನರದೂ ಎದ್ದಿತು, ಹೆಡ್‌ಮೇಡಂ ಅವರ ಮೊಣಕೈ ಹಿಡಿದು ಎತ್ತಿದ್ದರಿಂದ. ಮೇಡಂ ತುತ್ತೂರಿಯವನ ಕಡೆ ತಿರುಗಿ ದನಿ ಮೃದು ಮಾಡಿಕೊಂಡರು. "ನಿನ್ನ ಹಾಡು ಈಗ ಅಭ್ಯಾಸವಾಗಿದೆಯಪ್ಪ. ಮೊದಮೊದಲು ಕಷ್ಟ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಇನ್ನು ಹಾಯಾಗಿ ನುಡಿಸು."

ತುತ್ತೂರಿಯವನ ಕಣ್ಣು ತುಂಬಿ ಬಂತು. ಚೀಲದ ದಾರ ಬಿಚ್ಚುತ್ತ ಅವನು ನಾಚಿಕೊಂಡು ಹೇಳಿದ:

"ಅದು ಹಾಡಲ್ಲ ಮೇಡಂ. ಅದು ಬರೀ ತುಟಿ ಪಳಗಿಸೋದು. ನಿಮಗೆಲ್ಲ ತೊಂದರೆ ಆಗುತ್ತೇನೋ ಅಂತ ಅಂಜಿ ಇಷ್ಟು ದಿನ ಹಾಡು ಶುರುವೇ ಮಾಡಿರ್ಲಿಲ್ಲ. ನೀವೇ ಹೇಳಿದ್ರಲ್ಲ, ಇನ್ನು ಧೈರ್ಯವಾಗಿ ನುಡಿಸ್ತೀನಿ. ಅದಕ್ಕೆ ಇನ್ನಿಬ್ಬರು ಬೇಕು. ನಾಳೆಯಿಂದ ಡೋಲಿನವರೂ ಬರ್ತಾರೆ."

ಎತ್ತಿದ ಕೈಗಳು ಎತ್ತಿದಂತೆಯೇ ನಿಂತಿದ್ದವು. ಡಾಕ್ಟರಮ್ಮ ಮಡಚಿ ಇಡುತ್ತಿದ್ದ ಬಿಪಿ ಪಟ್ಟಿಯನ್ನು ಮತ್ತೆ ಬಿಚ್ಚಿ, ಹೆಡ್‌ಮೇಡಂ ತೋಳನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.